ಹನ್ನೊಂದನೇ ಮೇಜಿನಿಂದ ಬಂದ ಮಾತು

ಮಧ್ಯಾಹ್ನ ಎರಡು ಗಂಟೆ ಇಪ್ಪತ್ತು ನಿಮಿಷ. ಇಷ್ಟು ಸರಿಯಾಗಿ ನೆನಪಿರುವುದಕ್ಕೆ ಕಾರಣವಿದೆ. ಮೂರು ಗಂಟೆಯೊಳಗೆ ಮುಗಿಸಬೇಕಾಗಿದ್ದ ಒಂದು ಕೆಲಸವಿತ್ತು, ಅದಕ್ಕಾಗಿ ಕೈಗಡಿಯಾರ ನೋಡಿಕೊಂಡೆ. ನೋಡಿ ಕೈ ಇಳಿಸುವಷ್ಟರಲ್ಲಿ ಕೋಣೆಯ ದೀಪಗಳೆಲ್ಲ ಆರಿಹೋದವು.

ಅಲ್ಲಿಯವರೆಗೆ ಇಂಥ ಕಥೆಗಳನ್ನು ಕೇಳಿ ನಗುವವರಲ್ಲಿ ನಾನೇ ಮೊದಲಿಗಳು. ನಮ್ಮ ಹಾಸ್ಟೆಲಿನ ಮೂರನೇ ಮಹಡಿಯ ಬಚ್ಚಲಲ್ಲಿ ನಲ್ಲಿ ತಾನಾಗಿ ತಿರುಗುತ್ತದೆ ಎಂದು ಹುಡುಗಿಯರು ಹೆದರಿ ಕೂತಿದ್ದಾಗ, ಸ್ಪ್ಯಾನರ್ ತೆಗೆದುಕೊಂಡು ಹೋಗಿ, ನಲ್ಲಿ ಬಿಚ್ಚಿ, ಸವೆದ ವಾಷರನ್ನು ಅಂಗೈ ಮೇಲಿಟ್ಟು ತೋರಿಸಿದವಳು ನಾನು. ಈಗಲೂ ನಾನು ಬಹುಮಟ್ಟಿಗೆ ಅದೇ ಹೆಂಗಸು. ಆದರೆ ಆ ಶನಿವಾರದ ಮಧ್ಯಾಹ್ನದ ವಾಷರ್ ಮಾತ್ರ ಇಷ್ಟು ವರ್ಷವಾದರೂ ನನ್ನ ಕೈಗೆ ಸಿಕ್ಕಿಲ್ಲ.

ಇದು ತೊಂಬತ್ತೇಳು ತೊಂಬತ್ತೆಂಟರ ಸುಮಾರಿನ ಮಾತು. ಸೇಲಂಗೂ ಧರ್ಮಪುರಿಗೂ ನಡುವೆ, ತೊಪ್ಪೂರು ಘಾಟಿಗೆ ಹತ್ತಿರದಲ್ಲಿದ್ದ ಒಂದು ಕಾಲೇಜಿನಲ್ಲಿ ನಾನು ಎಂ.ಎಸ್ಸಿ. ಓದುತ್ತಿದ್ದೆ. ಹೆಸರು ಬೇಡ. ನನ್ನ ಊರು ಪೆನ್ನಾಗರಂ ಆಚೆ. ಅದೇ ಸೀಮೆಯ ರತ್ನ ನನ್ನ ಕೋಣೆಯವಳು, ತರಗತಿಯವಳು. ಇಬ್ಬರ ಮನೆಮಾತೂ ಕನ್ನಡ. ಆದರೆ ಅದು ಬಾಯಲ್ಲಿದ್ದ ಕನ್ನಡ ಮಾತ್ರ, ಓದಿದ್ದೆಲ್ಲ ತಮಿಳಿನಲ್ಲಿ ಮತ್ತು ಇಂಗ್ಲಿಷಿನಲ್ಲಿ. ಕನ್ನಡದ ಅಕ್ಷರ ನಾನು ಕಲಿತದ್ದು ಮದುವೆಯಾಗಿ ಮೈಸೂರಿಗೆ ಬಂದ ಮೇಲೆ, ಮಗಳ ಜೊತೆಯಲ್ಲಿ.

ಅಲ್ಲಿನ ಕಂಪ್ಯೂಟರ್ ಕೋಣೆಯ ವಿಷಯ ಸ್ವಲ್ಪ ಹೇಳಬೇಕು. ಒಳಗಿನ ಗಾಜಿನ ಗೂಡಿನಲ್ಲಿ ಒಂದು ದೊಡ್ಡ ಯಂತ್ರ. ಹೊರಗೆ ಹನ್ನೆರಡು ಮೇಜುಗಳ ಮೇಲೆ ಹನ್ನೆರಡು ಪರದೆಗಳು, ಎಲ್ಲಕ್ಕೂ ಆ ಯಂತ್ರದಿಂದಲೇ ತಂತಿ. ಪ್ರತಿ ಮೇಜಿಗೂ ಬಿಳಿ ಬಣ್ಣದಲ್ಲಿ ನಂಬರು. ಒಂದು ಮೇಜಿನಿಂದ ಸಾಲು ಬರೆದು ಕಳಿಸಿದರೆ ಇನ್ನೊಂದು ಮೇಜಿನ ಪರದೆಯಲ್ಲಿ 'ಟುಯ್' ಎಂಬ ಸದ್ದಿನೊಡನೆ ಮೂಡುತ್ತಿತ್ತು. ಕಲಿಸಿದ್ದು ಪಾಠಕ್ಕಾಗಿ. ನಾವು ಬಳಸಿದ್ದು ಹರಟೆಗೆ. ಹುಡುಗ ಹುಡುಗಿಯರು ಎದುರೆದುರು ನಿಂತು ಮಾತಾಡಿದರೆ ದಂಡ ಹಾಕುತ್ತಿದ್ದ ಕಾಲದಲ್ಲಿ ಆ ಹನ್ನೆರಡು ಪರದೆಗಳು ಎಷ್ಟು ಜೋಡಿಗಳನ್ನು ಕೂಡಿಸಿದವೋ ಲೆಕ್ಕವಿಲ್ಲ. ಬೇರೆಯವರು ತಮಿಳನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆಯುತ್ತಿದ್ದರು. ರತ್ನ ಮತ್ತು ನಾನು ನಮ್ಮ ಹಟ್ಟಿಯ ಕನ್ನಡವನ್ನು ಹಾಗೆಯೇ ಬರೆಯುತ್ತಿದ್ದೆವು. ಹಿಂದೆ ನಿಂತು ಇಣುಕುವವರಿಗೆ ಒಂದಕ್ಷರ ತಿಳಿಯುತ್ತಿರಲಿಲ್ಲ. ನನ್ನ ಬಾಯಿಮಾತು ಬರಹವಾಗಿದ್ದು ಮೊದಲು ಅಲ್ಲಿಯೇ.

ಹೊರ ಊರಿಗೆ ಇಮೇಲ್ ಕಳಿಸುವ ಸೌಕರ್ಯ ಆ ವರ್ಷವಷ್ಟೇ ಬಂದಿತ್ತು. ನಾವು ಬರೆದು ಬಿಡುತ್ತಿದ್ದೆವು. ದಿನಕ್ಕೊಮ್ಮೆ ಲ್ಯಾಬಿನ ಸಹಾಯಕರು, ಕುಮಾರ್ ಸಾರ್, ಆಫೀಸಿನ ಫೋನಿನಿಂದ ಕರೆಮಾಡಿ ಎಲ್ಲವನ್ನೂ ಒಟ್ಟಿಗೆ ಸಾಗಿಸುತ್ತಿದ್ದರು. ಆಫೀಸು ಬೇರೆ ಕಟ್ಟಡ. ಆ ಫೋನು ಎತ್ತದೆ ಒಂದು ಅಕ್ಷರವೂ ಕೋಣೆಯಿಂದಾಚೆ ಹೋಗುತ್ತಿರಲಿಲ್ಲ.

ಯಂತ್ರಕ್ಕೆ ಧೂಳು ಆಗದು ಎಂದು ಕಿಟಕಿಗಳಿಗೆಲ್ಲ ಹೊರಗಿನಿಂದ ಕಂಬಿ, ಒಳಗಿನಿಂದ ಪ್ಲೈವುಡ್, ಅದರ ಮೇಲೆ ದಪ್ಪ ನೀಲಿ ಬಟ್ಟೆ ಬಡಿದಿದ್ದರು. ಬಾಗಿಲಿಗೂ ಒಳಗಡೆ ಮೆತ್ತೆ. ಚಪ್ಪಲಿಯನ್ನು ಜಗಲಿಯಲ್ಲಿ ಬಿಟ್ಟೇ ಒಳಗೆ ಹೋಗಬೇಕು. ದೇವಸ್ಥಾನದಲ್ಲಾದರೂ ಯಾರಾದರೂ ತಪ್ಪಿಸಿಯಾರು, ಇಲ್ಲಿ ತಪ್ಪಿಸುವಂತಿರಲಿಲ್ಲ. ಕಾವಲುಗಾರ ಮಾದಯ್ಯನವರಿಗೆ ಆ ಚಪ್ಪಲಿ ಸಾಲೇ ಹಾಜರಿ ಪುಸ್ತಕ. ಮೇಟೂರು ಕಡೆಯ ಮುದುಕರು, ಕನ್ನಡದವರು, ಮೊಣಕಾಲು ನೋವು. ಒಳಗೆ ಬಂದು ನೋಡುತ್ತಿರಲಿಲ್ಲ. ಜಗಲಿಯಲ್ಲಿ ಒಂದು ಜೊತೆ ಚಪ್ಪಲಿ ಇದ್ದರೂ ಬೀಗ ಹಾಕುತ್ತಿರಲಿಲ್ಲ, ಒಂದೂ ಇಲ್ಲವೆಂದರೆ ಹಾಕುತ್ತಿದ್ದರು. ಯಾವ ಚಪ್ಪಲಿ ಯಾರದೆಂದೂ ಅವರಿಗೆ ಗೊತ್ತು. "ಏನ್ ಕಣ್ಣು, ನಿನ್ ಮೆಟ್ಟಿನ ಅಟ್ಟೆ ಬಾಯ್ ಬಿಟ್ಟೈತೆ, ಊಟ ಕೇಳ್ತಾ ಐತಾ?" ಎಂದು ನನ್ನನ್ನು ಗೇಲಿ ಮಾಡುತ್ತಿದ್ದರು. ನಮ್ಮನ್ನೆಲ್ಲ ತಮಿಳರ ಹಾಗೆ ಮುದ್ದಿನಿಂದ 'ಕಣ್ಣು' ಎಂದೇ ಕರೆಯುತ್ತಿದ್ದರು.

ಆ ಬಾಯಿಬಿಟ್ಟ ಚಪ್ಪಲಿ ಪೊಂಗಲ್‌ಗೆ ಒಂದು ವಾರವಿರುವಾಗ ಜಗಲಿಯಿಂದ ಕಾಣೆಯಾಯಿತು. ನಾಯಿಯೋ ಮನುಷ್ಯರೋ. ಹಬ್ಬಕ್ಕೆಂದು ಹೊಸದು ಕೊಂಡೆ. ಅದನ್ನೂ ಕಳೆದುಕೊಳ್ಳಬಾರದೆಂದು ಆ ಶನಿವಾರ, ಯಾರೂ ನೋಡದ ಹಾಗೆ, ಬಟ್ಟೆ ಚೀಲದಲ್ಲಿ ಹಾಕಿಕೊಂಡು ಒಳಗೆ ಹೋದೆ. ನಾನು ಮಾಡಿದ ತಪ್ಪು ಇಷ್ಟೇ.

ಬೆಳಗ್ಗೆಯೇ ರತ್ನ ಗಂಟು ಕಟ್ಟಿದ್ದಳು. ನಾನು ಕೊಯಮತ್ತೂರಿನ ಒಂದು ಸಂಸ್ಥೆಗೆ ಪ್ರಾಜೆಕ್ಟಿನ ಒಪ್ಪಿಗೆ ಬರೆಯಬೇಕಿತ್ತು. ಅದು ಅಂದೇ, ಮೂರು ಗಂಟೆಗೆ ಕುಮಾರ್ ಸಾರ್ ಮಾಡುವ ಕರೆಯಲ್ಲಿ ಹೋಗಬೇಕು.

"ಬರ್ಕೊಂಡ್ ಕೂತಿರು," ಎಂದಳು ಅವಳು. "ನೀನ್ ಬರೋ ವೊತ್ಗೆ ನಾನ್ ಪೊಂಗಲ್ ತಿಂದು ಪಾತ್ರೆ ಉಜ್ಜಿ ಮಡಗಿರ್ತೀನಿ ಕಣ್ಲೇ."

ಸಂಜೆಯ ಬಸ್ಸಿಗೆ ಹೋಗುವುದೆಂದು ಹಾಸ್ಟೆಲಿನ ಪುಸ್ತಕದಲ್ಲಿ ನಾನೂ ಬೆಳಗ್ಗೆಯೇ ಸಹಿ ಮಾಡಿದ್ದೆ. ಮನೆಗೆ ಮಾತ್ರ, ಕೆಲಸ ಉಳಿದರೆ ಹಬ್ಬಕ್ಕೆ ಬರಲಾರೆ ಎಂದು ಹಿಂದಿನ ವಾರವೇ ಕಾಗದ ಬರೆದಿದ್ದೆ. ಹೀಗಾಗಿ ಹಾಸ್ಟೆಲಿನವರಿಗೆ ನಾನು ಮನೆಯಲ್ಲಿದ್ದೆ, ಮನೆಯವರಿಗೆ ಹಾಸ್ಟೆಲಿನಲ್ಲಿದ್ದೆ. ಗುರುವಾರ ಲ್ಯಾಬು ತೆರೆಯುವವರೆಗೆ ನನ್ನನ್ನು ಹುಡುಕುವವರು ಒಬ್ಬರೂ ಇರಲಿಲ್ಲ.

ದೀಪ ಆರಿದಾಗ ನಾನು ಹೆದರಲಿಲ್ಲ. ಕರೆಂಟು ಹೋಗುವುದು ನಮಗೆ ಹೊಸದೇ? ಯುಪಿಎಸ್ ಇದ್ದುದರಿಂದ ಪರದೆಗಳು ಉರಿಯುತ್ತಲೇ ಇದ್ದವು. ಏಸಿ ನಿಂತಿತು. ನಾನು ಆ ಹಸಿರು ಬೆಳಕಿನಲ್ಲೇ ಬರೆಯುತ್ತ ಹೋದೆ. ಹತ್ತು ನಿಮಿಷವಾಗಿರಬೇಕು. ಕಾಗದ ಮುಗಿಸಿ, ಬಾಗಿಲಿಗೆ ಹೋಗಿ ಎಳೆದರೆ ಅದು ಬರಲಿಲ್ಲ. ಆಗ ತಿಳಿಯಿತು: ಕರೆಂಟು ಹೋಗಿರಲಿಲ್ಲ. ಬೀಗ ಹಾಕಿ, ಜಗಲಿಯ ಮೇನ್ ಸ್ವಿಚ್ ಇಳಿಸಿ ಮಾದಯ್ಯ ಹೋಗಿಬಿಟ್ಟಿದ್ದರು. ಏಸಿಯ ಸದ್ದಿನಲ್ಲಿ ಬೀಗದ ಸದ್ದು ನನಗೆ ಕೇಳಿರಲಿಲ್ಲ. ಕುಮಾರ್ ಸಾರ್ ಕೂಡ ಊರಿಗೆ ಬೇಗ ಹೊರಟವರು ಖಾಲಿ ಜಗಲಿ ನೋಡಿಯೇ ಹೋಗಿದ್ದರೆಂದು ಆಮೇಲೆ ಗೊತ್ತಾಯಿತು.

ಬಾಗಿಲು ಬಡಿದೆ. ಮೆತ್ತೆಯ ಮೇಲೆ ಮುಷ್ಟಿ ಬಿದ್ದರೆ ತಲೆದಿಂಬಿಗೆ ಗುದ್ದಿದ ಹಾಗಾಗುತ್ತಿತ್ತು. ಕೂಗಿದೆ. ನನ್ನ ಕೂಗು ನನ್ನ ಬಾಯಿಂದ ಒಂದು ಅಡಿ ಆಚೆಗೂ ಹೋಗುತ್ತಿಲ್ಲ ಅನ್ನಿಸಿತು. ಕಿಟಕಿಯ ಬಟ್ಟೆ ಹರಿದು ಪ್ಲೈವುಡ್ಡಿನ ಅಂಚಿಗೆ ಉಗುರು ಹಾಕಿ ಎಳೆದೆ. ಉಗುರು ಮುರಿಯಿತು. ಲೋಕದ ಯಾವ ಮೂಲೆಗಾದರೂ ಕಾಗದ ಬರೆಯಬಲ್ಲ ಯಂತ್ರಗಳ ನಡುವೆ ನಿಂತು, ಗೋಡೆಯಾಚೆಯ ಒಬ್ಬ ಮುದುಕರಿಗೆ ಸುದ್ದಿ ಮುಟ್ಟಿಸಲು ನನ್ನಿಂದಾಗಲಿಲ್ಲ.

ಆಗಲೇ ವಾಸನೆ ಬಂದದ್ದು. ರಬ್ಬರ್ ಸುಟ್ಟ ವಾಸನೆ. ಬ್ಯಾಟರಿಗಳನ್ನು ಗಾಜಿನ ಗೂಡಿನೊಳಗೆ, ದೊಡ್ಡ ಯಂತ್ರದ ಹಿಂದೆ ಜೋಡಿಸಿದ್ದರು. ಅಲ್ಲಿಂದ ತೆಳ್ಳಗೆ ಹೊಗೆ ಏಳುತ್ತಿರುವುದು ಪರದೆಗಳ ಬೆಳಕಿನಲ್ಲಿ ಕಂಡಿತು. ಗೂಡಿಗೂ ಬೀಗ. ಗಾಜನ್ನು ಒಡೆದರೆ ಹೊಗೆಯೆಲ್ಲ ನನ್ನ ಕಡೆಗೇ ಬರುತ್ತದೆ ಎಂದು ಸುಮ್ಮನಾದೆ.

ಏನೂ ತೋಚದೆ ನನ್ನ ನಾಲ್ಕನೇ ಮೇಜಿಗೇ ಮರಳಿದೆ. ಯಾರು ಯಾರು ಯಂತ್ರದಲ್ಲಿದ್ದಾರೆಂದು ತೋರಿಸುವ ಪಟ್ಟಿ ಇತ್ತು. ಹನ್ನೆರಡೂ ಮೇಜು ಆ ಕೋಣೆಯಲ್ಲೇ ಇರುವಾಗ ಅದನ್ನು ನೋಡಿ ಪ್ರಯೋಜನವಿಲ್ಲ. ಆದರೂ ಅಭ್ಯಾಸದಿಂದ ಬೆರಳು ಒತ್ತಿತು.

ಪಟ್ಟಿಯಲ್ಲಿ ಎರಡು ಸಾಲು. ನಾಲ್ಕನೇ ಮೇಜು, ನನ್ನ ಹೆಸರು. ಹನ್ನೊಂದನೇ ಮೇಜು, ನನ್ನ ಹೆಸರು.

ನನ್ನ ಗುಟ್ಟಿನ ಪದ, ಅಂದರೆ ಪಾಸ್‌ವರ್ಡ್, ರತ್ನಳಿಗೆ ಗೊತ್ತಿತ್ತು. ಅವಳು ಬಸ್ಸು ಹತ್ತದೆ ಇಲ್ಲೇ ಎಲ್ಲೋ ಅಡಗಿ ಆಟವಾಡುತ್ತಿದ್ದಾಳೆ ಎನ್ನಿಸಿ, ನಿಜ ಹೇಳುತ್ತೇನೆ, ಸಂತೋಷವಾಯಿತು. ಎದ್ದು ಹನ್ನೊಂದನೇ ಮೇಜಿನ ಕಡೆ ನೋಡಿದೆ. ಮೇಜು ಬರಿದಾಗಿತ್ತು. ಬರೀ ಕುರ್ಚಿಯಲ್ಲ, ಮೇಜೇ ಬರಿದು. ಆ ಪರದೆ ಕೆಟ್ಟು ರಿಪೇರಿಗೆ ಹೋಗಿ ಒಂದು ತಿಂಗಳಾಗಿದ್ದುದು ಆಗ ನೆನಪಾಯಿತು. ತಂತಿಯ ತುದಿಯೊಂದು ಮೇಜಿನಂಚಿನಿಂದ ನೇತಾಡುತ್ತಿತ್ತು.

'ಯಾರು' ಎಂದು ಬರೆದು ಕಳಿಸಿದೆ.

ಸ್ವಲ್ಪ ಹೊತ್ತಾಯಿತು. ಟುಯ್ ಎಂದಿತು. 'ನಾನೇ.'

'ರತ್ನಾ ಆಟ ಸಾಕು ಬಾಗ್ಲು ತೆಗೀಲೇ ಹೊಗೆ ಬತ್ತೈತೆ.'

'ಬಾಗ್ಲು ತೆಗೆಯಾಕಾಗಲ್ಲ. ನಾನೂ ಒಳಗೇ ಇವ್ನಿ.'

ನಾನು ಕೈ ಕಟ್ಟಿ ಕೂತೆ. ಮತ್ತೆ ಟುಯ್ ಎಂದಿತು. ಈ ಸಲ ನಾನು ಏನೂ ಕೇಳಿರಲಿಲ್ಲ.

'ಮೆಟ್ಟು ಒರಗೆ ಬಿಟ್ಟಿದ್ರೆ ಆಗ್ತಿತ್ತು.'

ಚಪ್ಪಲಿಯನ್ನು ಚೀಲದಲ್ಲಿ ತಂದದ್ದನ್ನು ನಾನು ಯಾರಿಗೂ ಹೇಳಿರಲಿಲ್ಲ. ರತ್ನಳಿಗೂ ಇಲ್ಲ. ಅದಕ್ಕಿಂತ ಹೆಚ್ಚಾಗಿ, ಆ ಸಾಲಿನಲ್ಲಿ ನೀನು ಬಿಟ್ಟಿದ್ದರೆ ಎಂದಿರಲಿಲ್ಲ, ನಾನು ಬಿಟ್ಟಿದ್ದರೆ ಎಂದೂ ಇರಲಿಲ್ಲ. ಆಕೆಯೂ ಹಾಗೆಯೇ ಸಿಕ್ಕಿಕೊಂಡವಳೋ, ನನ್ನ ತಪ್ಪನ್ನೇ ಆಡಿ ತೋರಿಸುತ್ತಿದ್ದಾಳೋ ನನಗೆ ಅರ್ಥವಾಗಲಿಲ್ಲ. ಹೊಗೆ ಆ ಹೊತ್ತಿಗೆ ತಲೆಮಟ್ಟಕ್ಕೆ ಇಳಿದಿತ್ತು. ಕಣ್ಣು ಉರಿದು ಅಕ್ಷರಗಳು ಕಲಸಿಹೋಗುತ್ತಿದ್ದವು. ಯಾರೆಂದು ಕೇಳುವುದನ್ನು ಬಿಟ್ಟು 'ಏನ್ ಮಾಡ್ಲಿ' ಎಂದಷ್ಟೇ ಬರೆದೆ.

'ಹನ್ನೊಂದ್ರ ಹಿಂದ್ಗಡೆ ಹಲಗೆ ಐತೆ. ಒದಿ.'

ಸೆರಗಿನಂತೆ ದಾವಣಿಯನ್ನು ಮೂಗಿಗೆ ಸುತ್ತಿ ಹೋದೆ. ಹನ್ನೊಂದನೇ ಮೇಜಿನ ಹಿಂದೆ ಬಟ್ಟೆ ಎಳೆದರೆ ನಿಜವಾಗಿಯೂ ಒಂದು ಹಲಗೆ. ಹಿಂದೆ ಎಂದೋ ಏಸಿ ಕೂರಿಸಲು ಕೊರೆದ ಚೌಕ ಕಿಂಡಿ, ಏಸಿ ಜಾಗ ಬದಲಾದ ಮೇಲೆ ಹಲಗೆ ಬಡಿದು ಮುಚ್ಚಿದ್ದರು. ಕೈಗೆ ಜಗ್ಗಲಿಲ್ಲ. ಚೀಲದಿಂದ ಹೊಸ ಚಪ್ಪಲಿ ತೆಗೆದು ಹಾಕಿಕೊಂಡು, ಆ ಬರಿಯ ಮೇಜಿನ ಮೇಲೆ ಅಂಗಾತ ಮಲಗಿ, ಎರಡೂ ಕಾಲು ಸೇರಿಸಿ ಒದ್ದೆ. ಎಷ್ಟನೆಯದೋ ಒದೆತಕ್ಕೆ ಒಂದು ಮಗ್ಗುಲು ಬಿಟ್ಟುಕೊಂಡಿತು. ಬಿಸಿಲು ಒಂದು ಗೆರೆಯಾಗಿ ನನ್ನ ಮೊಣಕಾಲ ಮೇಲೆ ಬಿತ್ತು. ಆ ಸಂದಿಗೆ ಬಾಯಿಟ್ಟು ಗಾಳಿ ಕುಡಿದೆ. ಮತ್ತೆ ಒದ್ದೆ. ಹಲಗೆ ಹೊರಗೆ ಬಿತ್ತು.

ಬೆನ್ನ ಹಿಂದೆ ಟುಯ್ ಎಂದಿತು. ಸ್ವಲ್ಪ ಬಿಟ್ಟು ಇನ್ನೊಮ್ಮೆ.

ಹಾಗೇ ಹಾರಿ ಹೋಗಬಹುದಿತ್ತು. ಹೋಗಲಿಲ್ಲ. ನಾಲ್ಕನೇ ಮೇಜಿಗೆ ಮರಳಿ ನೋಡಿದೆ. ಮೊದಲನೆಯ ಸಾಲು 'ಆಯ್ತಾ' ಎಂದಿತ್ತು. ಅದರ ಕೆಳಗೆ, 'ನನ್ನ ಬಿಟ್ಟು ಓಗ್‌ಬ್ಯಾಡ.'

ಓದುವವರಿಗೆ ಮುಚ್ಚಿಡುವುದಿಲ್ಲ. ನನಗೆ ಉತ್ತರ ಬರೆಯುವಷ್ಟು ಸಮಯವಿತ್ತು. ಎರಡು ಪದ ಸಾಕಾಗಿತ್ತು. ಬಾ ಎನ್ನಬಹುದಿತ್ತು, ಜನ ಕರೆತರುತ್ತೇನೆ ಎನ್ನಬಹುದಿತ್ತು. ಬೆರಳು ಕೀಗಳ ಮೇಲಿದ್ದವು. ನಾನು ಬರೆಯಲಿಲ್ಲ. ಯುಪಿಎಸ್ ಉದ್ದಕ್ಕೆ ಒಂದು ಕೂಗು ಹಾಕಿತು, ಎಲ್ಲ ಪರದೆಗಳೂ ಒಮ್ಮೆಗೇ ಕಪ್ಪಾದವು. ನಾನು ಓಡಿ ಹಲಗೆ ಬಿದ್ದ ಕಿಂಡಿಯೊಳಗೆ ತಲೆ ತೂರಿಸಿದೆ.

ಹೊರಗೆ ಹತ್ತಿರದ ಕನ್ನಡದವರ ಹಟ್ಟಿಯ ಒಬ್ಬ ಹೆಂಗಸು ಆಡು ಮೇಯಿಸುತ್ತಿದ್ದಳು. ಗೋಡೆಯಿಂದ ಹಲಗೆ ಉದುರಿದ್ದನ್ನೂ ಆಮೇಲೆ ಮಸಿ ಹಿಡಿದ ಒಂದು ತಲೆ ಹೊರಬಂದದ್ದನ್ನೂ ನೋಡಿ ಕೋಲು ಎತ್ತಿಕೊಂಡಳು.

"ಯಾರ್ಲಾ ಅದು! ಅಯ್ಯಯ್ಯೋ, ಕಳ್ಳಿ! ಕಂಪೂಟ್ರು ಕದಿಯಾಕ್ ಬಂದವ್ಳೆ!"

"ಅಕ್ಕಾ, ನಾನ್ ಓದೋವ್ಳು," ಎಂದೆ. ಕೆಮ್ಮಿನಲ್ಲಿ ಅಷ್ಟೇ ಹೊರಟಿದ್ದು.

"ಓದೋವ್ಳು ಬಾಗ್ಲಾಗ್ ಬರ್ಬೇಕಲ್ಲಾ?" ಎಂದಳು. ಆದರೂ ಕೋಲು ಎಸೆದು ನನ್ನ ಎರಡೂ ಕಂಕುಳಿಗೆ ಕೈ ಕೊಟ್ಟು ಎಳೆದಳು. ಮೊಳೆ ತಾಗಿ ಎಡ ಭುಜ ಸೀಳಿತು. ಆ ಗಾಯದ ಗೆರೆ ಈಗಲೂ ಇದೆ.

ಮಾದಯ್ಯ ಟೀ ಅಂಗಡಿಯಲ್ಲಿ ಸಿಕ್ಕರು. ಕುಂಟುತ್ತಲೇ ಓಡಿ ಬಂದು ಬೀಗ ತೆಗೆದರು, ಮರಳು ಸುರಿದು ಬ್ಯಾಟರಿಯ ತಂತಿಯ ಬೆಂಕಿ ಆರಿಸಿದರು. ನಾನು ಜಗಲಿಯಲ್ಲಿ ಕೂತು ಒಂದೇ ಮಾತು ಹೇಳುತ್ತಿದ್ದೆ: ಒಳಗೆ ಇನ್ನೊಬ್ಬರಿದ್ದಾರೆ, ಒಳಗೆ ಇನ್ನೊಬ್ಬರಿದ್ದಾರೆ. ಅವರು ಟಾರ್ಚು ಹಿಡಿದು ಪ್ರತಿ ಮೇಜಿನ ಕೆಳಗೂ ಬಗ್ಗಿ ನೋಡಿದರು. ಆ ಮೊಣಕಾಲಿನಲ್ಲಿ ಹನ್ನೆರಡು ಸಲ ಬಗ್ಗಿದರು.

"ಯಾರೂ ಇಲ್ಲ ಕಣ್ಣು," ಎಂದರು. ಆಮೇಲೆ ನನ್ನ ಪಕ್ಕದಲ್ಲಿ ಕುಸಿದು ಕೂತು, "ಮೆಟ್ಟು ಇರ್ಲಿಲ್ವಲ್ಲ ತಾಯಿ, ಮೆಟ್ಟು ಇರ್ಲಿಲ್ವಲ್ಲ," ಎಂದು ಅತ್ತರು. ಅವರನ್ನು ನಾನು ಸಮಾಧಾನ ಮಾಡಬೇಕಾಯಿತು.

ರಜೆ ಮುಗಿದು ಬಂದ ರತ್ನಳಿಗೆ ಎಲ್ಲ ಹೇಳಿದೆ. ಅವಳ ಮುಖ ಬಿಳಿಚಿತು. "ಎರಡೂವರೆಗೆ ನಾನ್ ಪೆನ್ನಾಗರಂ ಬಸ್ ಸ್ಟ್ಯಾಂಡಾಗೆ ಕಬ್ಬು ಮುರೀತಾ ನಿಂತಿದ್ದೆ ಕಣೇ. ನಮ್ಮಣ್ಣನ್ ಕೇಳು," ಎಂದಳು. ಕೇಳಬೇಕಾಗಿರಲಿಲ್ಲ.

ಕುಮಾರ್ ಸಾರ್ ಯಂತ್ರದ ದಾಖಲೆ ಅಚ್ಚು ಹಾಕಿಸಿ ತೋರಿಸಿದರು. ನಾಲ್ಕನೇ ಮೇಜಿನಲ್ಲಿ ನನ್ನ ಹೆಸರು ಒಂದೂವರೆಗೆ ಒಳಬಂದಿತ್ತು. ಹನ್ನೊಂದನೇ ಮೇಜಿನಲ್ಲಿ ಅದೇ ಹೆಸರು ಎರಡು ಇಪ್ಪತ್ತಕ್ಕೆ. ಹೊರಹೋದ ಸಮಯದ ಜಾಗ ಎರಡಕ್ಕೂ ಖಾಲಿ. ಕರೆಂಟು ಇಳಿಸಿದಾಗ ಇಂಥ ಸುಳ್ಳು ಸಾಲು ಉಳಿದುಬಿಡುವುದುಂಟು ಎಂದರು ಅವರು. ಒಪ್ಪುತ್ತೇನೆ. ಬಂದ ಮಾತುಗಳ ಪ್ರತಿ ಎಲ್ಲೂ ಉಳಿಯುತ್ತಿರಲಿಲ್ಲವಾದ್ದರಿಂದ ಅದನ್ನು ತೋರಿಸಲು ನನ್ನಲ್ಲಿ ಏನೂ ಇರಲಿಲ್ಲ. ಹೊಗೆ ಕುಡಿದ ತಲೆ ಏನೇನೋ ಓದುತ್ತದೆ, ಎರಡು ಕಡೆಯ ಮಾತನ್ನೂ ನೀನೇ ಬರೆದಿರಬಹುದಮ್ಮ ಎಂದರು. ಅದನ್ನೂ ತಳ್ಳಿಹಾಕುವುದಿಲ್ಲ. ಆ ಕನ್ನಡ ನನ್ನದೇ ಆಗಿತ್ತು. ಆದರೆ ಆ ಹಲಗೆ ನಾವು ಸೇರುವುದಕ್ಕೆ ಮೊದಲೇ ಬಡಿದದ್ದು, ಅದರ ಮೇಲೆ ಬಟ್ಟೆ ಬಡಿದದ್ದೂ ಆಗಲೇ. ನನಗೆ ಗೊತ್ತಿರದ ಹಲಗೆಯನ್ನು ನನಗೆ ನಾನೇ ಹೇಗೆ ತೋರಿಸಿಕೊಂಡೆ?

ಹಿಂದೆ ಯಾರಾದರೂ ಆ ಕೋಣೆಯಲ್ಲಿ ಸಿಕ್ಕಿಕೊಂಡದ್ದುಂಟೇ ಎಂದು ಮಾದಯ್ಯನವರನ್ನು ಕೇಳಿದೆ. ಇಲ್ಲವೆಂದು ಮಗನ ತಲೆ ಮೇಲೆ ಕೈಯಿಟ್ಟಂತೆ ಆಣೆ ಮಾಡಿದರು. ಅವರು ಸುಳ್ಳು ಹೇಳುವವರಲ್ಲ. ಹಾಗಾದರೆ ಆಕೆ ಯಾರೆಂಬ ಪ್ರಶ್ನೆಗೆ ಉಳಿದದ್ದು ಒಂದೇ ಉತ್ತರ, ಅದನ್ನು ನಾನು ಪೂರ್ತಿ ಯೋಚಿಸಲು ಹೋಗುವುದಿಲ್ಲ. ನಾನು ಹೊರಗೆ ಬಂದೆ, ಪಟ್ಟಿಯಲ್ಲಿದ್ದ ಇನ್ನೊಂದು ನನ್ನ ಹೆಸರು ಬರಲಿಲ್ಲ.

ಅಲ್ಲಿಂದ ಮೂರು ತಿಂಗಳು ನನಗೆ ನಿದ್ದೆ ನಿಲ್ಲಲಿಲ್ಲ. ಮಲಗಿದರೆ ಟುಯ್ ಎನ್ನುತ್ತಿತ್ತು. ಎದ್ದು ಕೂರುತ್ತಿದ್ದೆ. ಕೋಣೆಯ ಬಾಗಿಲಿಗೆ ಚಿಲಕ ಹಾಕಲು ಬಿಡುತ್ತಿರಲಿಲ್ಲ. ರತ್ನ ಪಾಪ ಮಂಚವನ್ನು ಬಾಗಿಲಿಗೆ ಅಡ್ಡ ಎಳೆದುಕೊಂಡು ಮಲಗುತ್ತಿದ್ದಳು. ಹೊಗೆ ನನ್ನನ್ನು ಕಾಡಲಿಲ್ಲ. ಬರೆಯದೆ ಬಿಟ್ಟ ಆ ಎರಡು ಪದ ಕಾಡುತ್ತಿದ್ದವು. ಲ್ಯಾಬಿನಲ್ಲಿ ಕೂತು ಹನ್ನೊಂದಕ್ಕೆ 'ಬಾ' ಎಂದು ಕಳಿಸಲು ಎಷ್ಟೋ ಸಲ ನೋಡಿದೆ. ಅಂಥ ಮೇಜಿನಲ್ಲಿ ಯಾರೂ ಇಲ್ಲ ಎಂದು ಯಂತ್ರ ಪ್ರತಿಸಲವೂ ಹೇಳಿತು.

ಕೊನೆಯ ಪ್ರಾಕ್ಟಿಕಲ್ ಮುಗಿದ ದಿನ ಸಂಜೆ, ಎಲ್ಲರೂ ಹೋದ ಮೇಲೆ, ನಾನು ಮತ್ತು ರತ್ನ ಆ ಜಗಲಿಗೆ ಹೋದೆವು. ಬಾಗಿಲು ತೆರೆದಿತ್ತು. ನಾನು ಆ ಪೊಂಗಲ್ ಚಪ್ಪಲಿ ಕಳಚಿ ಹೊಸ್ತಿಲ ಪಕ್ಕ ಜೋಡಿಸಿಟ್ಟೆ. ಒಳಗೆ ಹೋಗಲಿಲ್ಲ. ಹೋಗಿ ಬೇವಿನ ಮರದಡಿ ನಿಂತೆ.

ಮಾದಯ್ಯ ಬೀಗದ ಕೈ ಹಿಡಿದು ಬಂದರು. ಚಪ್ಪಲಿ ನೋಡಿದರು. ಯಾರದೆಂದು ಅವರಿಗೆ ಹೇಳಬೇಕಿರಲಿಲ್ಲ. ತಲೆಯೆತ್ತಿ ಮರದಡಿ ಬರಿಗಾಲಲ್ಲಿ ನಿಂತಿದ್ದ ನನ್ನನ್ನು ನೋಡಿದರು. ಕತ್ತಲ ಕೋಣೆಗೆ ಮುಖ ಹಾಕಿ, ದಿನವೂ ಕೊನೆಯ ಹುಡುಗಿಯನ್ನು ಕರೆಯುತ್ತಿದ್ದ ದನಿಯಲ್ಲೇ ಕರೆದರು.

"ಬಾಮ್ಮಾ, ಸಾಕು. ವೊತ್ತಾಯ್ತು, ಮನೀಗೋಗು."

ಬಾಗಿಲ ಪಕ್ಕದ ಮೆಟ್ಟಿಲ ಮೇಲೆ ಕಾಲು ಚಾಚಿ ಕೂತರು. ಬೀಗವನ್ನು ತೊಡೆಯ ಮೇಲಿಟ್ಟುಕೊಂಡರು. "ನೀವ್ ನಡೀರಿ," ಎಂದರು ನಮ್ಮ ಕಡೆ ತಿರುಗದೆ. "ನಿದಾನಕ್ ಬರ್ಲಿ. ನಾನ್ ಇಲ್ಲೇ ಇವ್ನಲ್ಲ."

ಚಿತ್ತಿರೈ ತಿಂಗಳ, ಅಂದರೆ ಏಪ್ರಿಲಿನ, ಬಿಸಿಲಿಗೆ ಕಾದ ಮಣ್ಣಿನಲ್ಲಿ ಬರಿಗಾಲಲ್ಲಿ ಕುಣಿಯುತ್ತ ಹಾಸ್ಟೆಲಿಗೆ ಬಂದೆ. ಆ ಚಪ್ಪಲಿ ಏನಾಯಿತೆಂದು ಹೋಗಿ ನೋಡಲಿಲ್ಲ, ಮಾದಯ್ಯ ಎಷ್ಟು ಹೊತ್ತಿಗೆ ಬೀಗ ಹಾಕಿದರೆಂದು ಕೇಳಲಿಲ್ಲ. ಆ ರಾತ್ರಿ ರತ್ನ ಮಂಚ ಎಳೆಯುವುದಕ್ಕೆ ಮೊದಲೇ ನಾನು ಮಲಗಿಬಿಟ್ಟಿದ್ದೆನಂತೆ. ಮಾರನೆಯ ದಿನ ಅವಳು ನನ್ನ ಕಾಲು ಹಿಡಿದು ಎಳೆಯುತ್ತಿದ್ದಳು.

"ಏಳ್ಲೇ, ಬಸ್ಸು ಓಯ್ತದೆ. ಎಂಟು ಗಂಟೆ!"